ಹಾಲುಹಲ್ಲಿನ ಬಣ್ಣ

ಜೂನ್ ೨೧

ಅಪ್ಪನಿಗೆ,

ಅಮ್ಮನಿಗೂ ಇದೇ ಕಾಗದ. ಇಬ್ಬರಿಗೂ ಬೇರೆಬೇರೆ ಬರೆಯುವಷ್ಟು ಬಿಡುವು ಇಲ್ಲಿ ಸಿಗುವುದಿಲ್ಲ.

ಹಾಸ್ಟೆಲು ಪರವಾಗಿಲ್ಲ. ನನ್ನ ಮಂಚ ಕಿಟಕಿಯ ಪಕ್ಕ ಇದೆ. ಆಚೆ ಮಂಚದವಳನ್ನು ಎಲ್ಲರೂ ರೇಡಿಯೋ ಅನ್ನುತ್ತಾರೆ. ಯಾಕೆ ಅಂತ ಮೊದಲ ದಿನವೇ ಗೊತ್ತಾಯಿತು. ನಿದ್ದೆಯಲ್ಲಿ ಮಾತ್ರ ಬಂದ್ ಆಗುತ್ತಾಳೆ, ಅದೂ ಪೂರ್ತಿ ಅಲ್ಲ.

ಹೋದ ವಾರ ಬ್ರೆಡ್ಡಿನ ಅಂಚು ಕಚ್ಚಿದಾಗ ಮುಂದಿನ ಹಲ್ಲಿನ ಒಂದು ಚೂರು ಮುರಿದು ಬಾಯಿಗೆ ಬಂತು. ಕಲ್ಲು ಅಂದುಕೊಂಡು ಉಗಿದೆ. ರಕ್ತ ಬರಲಿಲ್ಲ, ನೋವೂ ಆಗಲಿಲ್ಲ. ತಣ್ಣೀರು ಕುಡಿದಾಗ ಮಾತ್ರ ತಲೆಯವರೆಗೂ ಜುಂ ಅನ್ನುತ್ತದೆ. ವಾರ್ಡನ್ ನನ್ನನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿಯ ಡಾಕ್ಟರು ಹೆಂಗಸು. ತುಂಬ ಹೊತ್ತು ನೋಡಿದರು, ಎಕ್ಸ್‌ರೇ ತೆಗೆಸಿದರು. ನನ್ನ ಹಲ್ಲುಗಳ ಮೇಲೆ ಇರಬೇಕಾದ ಗಟ್ಟಿ ಪದರವೇ ಇಲ್ಲವಂತೆ. ಇದ್ದದ್ದು ಸವೆದು ಹೋಗಿದೆಯೋ ಮೊದಲಿಂದಲೇ ಇರಲಿಲ್ಲವೋ ಎಂದು ಅವರು ತಿಳಿದುಕೊಳ್ಳಬೇಕು. ಎರಡಕ್ಕೂ ಮಾಡುವ ಚಿಕಿತ್ಸೆ ಬೇರೆಯಂತೆ.

"ಹಾಲುಹಲ್ಲೂ ಹೀಗೇ ಹಳದಿ ಇತ್ತಾ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಅಂದೆ. "ಚಿಕ್ಕಂದಿನ ಫೋಟೋ ಇದ್ರೆ ತರಿಸು" ಅಂದರು. ನನಗೆ ನಗು ಬಂತು. ನಮ್ಮ ಮನೆಯಲ್ಲಿ ಬೇರೆ ಏನಕ್ಕಾದರೂ ಬರ ಇರಬಹುದು, ಫೋಟೋಕ್ಕೆ ಬರವೇ? ನಮ್ಮಪ್ಪ ಸ್ಟುಡಿಯೋ ಇಟ್ಟಿದ್ದಾರೆ ಅಂದೆ. "ಹಾಗಾದ್ರೆ ಒಳ್ಳೇದೇ ಆಯ್ತು" ಅಂದರು.

ನಗುತ್ತಿರುವ ಫೋಟೋಗಳನ್ನೇ ಆರಿಸಿ ಕಳಿಸಿ.

ದೊಡ್ಡವಳು

*

ಜೂನ್ ೨೯

ದೊಡ್ಡವಳಿಗೆ,

ಕಾಗದ ತಲುಪಿತು. ಆರು ಫೋಟೋ ಇಟ್ಟಿದ್ದೇನೆ. ನಿನಗೆ ಒಂದು ವರ್ಷವಾದಾಗ ತೆಗೆದದ್ದರಿಂದ ಹಿಡಿದು ಒಂಬತ್ತನೇ ವರ್ಷದ್ದರವರೆಗೆ ಇವೆ. ನಡುವಿನದು, ಟೋಪಿ ಹಾಕಿಕೊಂಡು ನಗುತ್ತಿರುವುದು, ಸ್ಟುಡಿಯೋದ ಗಾಜಿನಲ್ಲಿ ಇಟ್ಟಿರುವ ಚಿತ್ರದ್ದೇ ಸಣ್ಣ ಪ್ರತಿ. ಇವತ್ತಿಗೂ ಗಿರಾಕಿಗಳು "ಈ ಮಗೂದು ತೆಗೆದ ಹಾಗೆ ನಮ್ಮದೂ ತೆಗೀರಿ" ಎನ್ನುತ್ತಾರೆ. ತೆಗೆಯಬಹುದು, ಆ ಮಗು ಎಲ್ಲಿಂದ ತರಲಿ ಎನ್ನುತ್ತೇನೆ.

ಡಾಕ್ಟರೇ ನೋಡಲಿ. ಹಾಲುಹಲ್ಲು ಮುತ್ತು ಪೋಣಿಸಿದ ಹಾಗಿದ್ದವು. ಎರಡು ಮೂರು ವರ್ಷದಿಂದ ಬಣ್ಣ ಕೆಟ್ಟದ್ದು ನನಗೂ ಗೊತ್ತು. ಸರಿಯಾಗಿ ಉಜ್ಜು ಎಂದು ಎಷ್ಟು ಸಲ ಹೇಳಿಲ್ಲ? ಅಲ್ಲಿಯ ನೀರೂ ಸರಿಯಿಲ್ಲದಿರಬಹುದು. ಮಿಠಾಯಿ ಕಡಿಮೆ ಮಾಡು.

ಚಿಕ್ಕವಳಿಗೆ ನೆಗಡಿ. ನಿಮ್ಮಮ್ಮ ನಿನಗೆ ಏನೋ ಬರೆಯಬೇಕು ಎನ್ನುತ್ತಿದ್ದಳು, ಅಷ್ಟರಲ್ಲಿ ಮಗು ಎದ್ದಿತು. ಮುಂದಿನ ಸಲ ಬರೆಯುತ್ತಾಳೆ.

ಫೋಟೋ ಮಡಿಸಬೇಡ. ವಾಪಸ್ ತೆಗೆದುಕೋ.

ಅಪ್ಪ

*

ಜುಲೈ ೧೬

ಅಪ್ಪನಿಗೆ,

ಫೋಟೋಗಳನ್ನು ಡಾಕ್ಟರು ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ವಾರ್ಡನ್ ಕಡೆ ತಿರುಗಿ, ಹಲ್ಲು ಮೊದಲು ಚೆನ್ನಾಗಿಯೇ ಇದ್ದವು, ಇದು ಈಚೆಗೆ ಆದದ್ದು ಅಂದರು. ಹಲ್ಲಿನ ಮೇಲ್ಪದರ ಇಷ್ಟು ಬೇಗ ಕರಗಬೇಕಾದರೆ ಅದಕ್ಕೆ ಹುಳಿ ತಗುಲಿರಬೇಕಂತೆ. ಹೊಟ್ಟೆಯೊಳಗಿನ ಹುಳಿ. ಅಂದರೆ ಊಟ ಮಾಡಿ ಬೇಕಂತಲೇ ವಾಂತಿ ಮಾಡಿಕೊಳ್ಳುವವರ ಹಲ್ಲು ಹೀಗಾಗುತ್ತದಂತೆ. ದೊಡ್ಡ ಹುಡುಗಿಯರಲ್ಲಿ ಕೆಲವರು ತೆಳ್ಳಗಾಗಲು ಹಾಗೆ ಮಾಡುತ್ತಾರಂತೆ.

"ಊಟ ಆದ್ಮೇಲೆ ಬಾತ್‌ರೂಮಲ್ಲಿ ಅಷ್ಟು ಹೊತ್ತು ಏನಮ್ಮ ಮಾಡ್ತೀಯ?" ಅಂತ ಕೇಳಿದರು.

"ಹಲ್ಲುಜ್ಜುತ್ತೀನಿ."

"ಪ್ರತಿ ಊಟಕ್ಕೂನಾ?"

"ಹೂಂ."

"ಯಾಕೆ?"

"ಹಳದಿ ಹೋಗಲಿ ಅಂತ."

ವಾರ್ಡನ್ ನಡುವೆ ಬಾಯಿ ಹಾಕಿ, "ತಟ್ಟೇಲಿ ಅರ್ಧ ಬಿಟ್ಟು ಏಳ್ತಾಳೆ ಮೇಡಂ. ಕೇಳಿದ್ರೆ ನೋವು ಅಂತಾಳೆ" ಅಂದರು. ನೋವು ಅಂದದ್ದು ನಿಜ, ಯಾಕೆಂದರೆ ನೋವಾಗುತ್ತದೆ. ಬಿಸಿಯದ್ದೂ ಆಗುವುದಿಲ್ಲ, ತಣ್ಣಗಿನದ್ದೂ ಆಗುವುದಿಲ್ಲ, ಗಟ್ಟಿಯದ್ದಂತೂ ಆಗುವುದೇ ಇಲ್ಲ.

ಈಗ ಊಟವಾದ ಮೇಲೆ ವಾರ್ಡನ್ ಕೋಣೆಯಲ್ಲಿ ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ಅವರು ಹೆಣಿಗೆ ಹಾಕುತ್ತಾ ನನ್ನನ್ನು ನೋಡುತ್ತಾರೆ. ಬಾತ್‌ರೂಮಿಗೆ ಹೋದರೆ ಬಾಗಿಲ ಚಿಲಕ ಹಾಕುವಂತಿಲ್ಲ. ಆ ಅಭ್ಯಾಸ ನಿಲ್ಲುವವರೆಗೂ ಸವೆದ ಹಲ್ಲನ್ನು ಮುಚ್ಚುವ ಕ್ಯಾಪ್ ಹಾಕುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಹುಳಿ ಬರುತ್ತಲೇ ಇದ್ದರೆ ಕ್ಯಾಪ್ ಹಾಕಿಯೂ ಉಪಯೋಗವಿಲ್ಲವಂತೆ. ಅಷ್ಟರೊಳಗೆ ಹಿಂದಿನ ಹಲ್ಲು ಒಸಡಿನ ಮಟ್ಟಕ್ಕೆ ಸವೆದರೆ ಕ್ಯಾಪ್ ಕೂರಿಸಲು ಜಾಗವೇ ಇರುವುದಿಲ್ಲ ಎಂದೂ ಅವರೇ ಹೇಳಿದರು.

ನಾನು ವಾಂತಿ ಮಾಡಿಕೊಳ್ಳುವುದಿಲ್ಲ.

ಒಂದು ಕೇಳಬೇಕು. ನೀವು ಗಿರಾಕಿಗಳ ನೆಗೆಟಿವ್ ತಿದ್ದುವುದನ್ನು ನೋಡಿದ್ದೇನೆ. ಮೊಡವೆ, ಕಣ್ಣಿನ ಕೆಳಗಿನ ಕಪ್ಪು, ಎಲ್ಲ. ನನ್ನದನ್ನೂ ತಿದ್ದಿದ್ದೀರಾ? ನನಗೆ ನೆನಪಿರುವುದು ಫೋಟೋದಲ್ಲಿರುವ ಹಲ್ಲೇ. ಅದಕ್ಕೆ ಕೇಳಿದೆ.

ದೊಡ್ಡವಳು

*

ಜುಲೈ ೨೫

ದೊಡ್ಡವಳಿಗೆ,

ವಾರ್ಡನ್‌ರೂ ನನಗೆ ಬರೆದಿದ್ದಾರೆ. ನೀನು ಹೇಳಿದ್ದನ್ನೂ ಅವರು ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ಓದಿದೆ.

ನಿನ್ನ ಫೋಟೋದಲ್ಲಿ ತಿದ್ದುವುದಕ್ಕೆ ಏನಿತ್ತು? ಆ ಚಿತ್ರಗಳನ್ನು ನಾನು ದಿನಾ ನೋಡುತ್ತೇನೆ. ಗಾಜಿನಲ್ಲಿರುವುದನ್ನಂತೂ ಅಂಗಡಿ ಬಾಗಿಲು ತೆಗೆದಾಗೊಮ್ಮೆ, ಹಾಕಿದಾಗೊಮ್ಮೆ ನೋಡುತ್ತೇನೆ. ಆ ಹಲ್ಲು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ.

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಊರು ಬಿಟ್ಟು ಹೊಸ ಜಾಗಕ್ಕೆ ಹೋದಾಗ ಮಕ್ಕಳು ಏನೇನೋ ಕಲಿಯುತ್ತಾರೆ. ಹಾಗೇನಾದರೂ ಇದ್ದರೆ ಒಪ್ಪಿಕೊಂಡುಬಿಡು. ಯಾರೂ ಹೊಡೆಯುವುದಿಲ್ಲ. ಒಪ್ಪಿಕೊಂಡರೆ ಚಿಕಿತ್ಸೆ ಶುರುವಾಗುತ್ತದೆ. ನನಗೆ ಬೇಕಾಗಿರುವುದು ಅದು.

ಅಮ್ಮನಿಗೆ ಪೂರ್ತಿ ಹೇಳಿಲ್ಲ. ಮಗುವಿನ ಜೊತೆ ಅವಳಿಗೂ ನಿದ್ದೆಯಿಲ್ಲ.

ಅಪ್ಪ

*

ಆಗಸ್ಟ್ ೬

ಅಪ್ಪನಿಗೆ,

ಹೌದು ಎಂದು ಹೇಳಿದೆ.

ಎಷ್ಟು ಸಲ ಎಂದು ಡಾಕ್ಟರು ಕೇಳಿದರು. ಯೋಚಿಸಿರಲಿಲ್ಲ. ದಿನಾ ಅಂದೆ. ಯಾವಾಗಿನಿಂದ ಅಂದರು. ಮೊದಲಿಂದ ಅಂದೆ. ಬರೆದುಕೊಂಡರು. ವಾರ್ಡನ್ ನನ್ನ ತಲೆ ಸವರಿ, "ನಿಜ ಹೇಳಿದ್ಯಲ್ಲ, ಅರ್ಧ ವಾಸಿ ಆದ ಹಾಗೇ" ಅಂದರು.

ಕ್ಯಾಪ್ ಹಾಕಲಿಲ್ಲ. ಇನ್ನು ಮೂರು ತಿಂಗಳು ವಾಂತಿ ಮಾಡದೆ ಇರಬೇಕಂತೆ, ಆಮೇಲೆ ಹಾಕುತ್ತಾರಂತೆ. ಮಾಡದೇ ಇದ್ದದ್ದನ್ನು ಇನ್ನು ಹೇಗೆ ಬಿಡುವುದೋ ಗೊತ್ತಿಲ್ಲ. ನಿನ್ನೆ ಇನ್ನೊಂದು ಚೂರು ಮುರಿಯಿತು, ಎಡಗಡೆ ಹಿಂದೆ. ಮುರಿದದ್ದಕ್ಕೆ ವಾರ್ಡನ್, ಮತ್ತೆ ಶುರು ಮಾಡಿದೆಯಾ ಎಂದು ಕೇಳಿದರು.

ಇಲ್ಲಿ ಬೇರೇನೂ ವಿಶೇಷವಿಲ್ಲ.

ದೊಡ್ಡವಳು

*

ಆಗಸ್ಟ್ ೧೫

ನನ್ನ ದೊಡ್ಡವಳೇ,

ಇದು ಅಮ್ಮ. ನಿನ್ನ ಕಾಗದಗಳೆಲ್ಲ ಸ್ಟುಡಿಯೋ ವಿಳಾಸಕ್ಕೆ ಬರುತ್ತವೆ. ಅಪ್ಪ ಮನೆಗೆ ಬಂದು "ಚೆನ್ನಾಗಿದ್ದಾಳಂತೆ, ಹಲ್ಲು ತೋರಿಸ್ತಿದ್ದಾಳಂತೆ" ಅನ್ನುತ್ತಿದ್ದರು. ನಾನೂ ಅಷ್ಟೇ ಅಂದುಕೊಂಡಿದ್ದೆ. ನೀನು ಆರನೇ ತಾರೀಖು ಬರೆದದ್ದನ್ನು ಮಾತ್ರ ನನ್ನ ಕೈಗೇ ಕೊಟ್ಟರು. ಓದಿದೆ. ಹಿಂದಿನವೆಲ್ಲಿ ಅಂದೆ. ಅವನ್ನೂ ತಂದುಕೊಟ್ಟರು.

ನೀನು ವಾಂತಿ ಮಾಡಿಕೊಳ್ಳುವವಳಲ್ಲ. ಬಸ್ಸಿನಲ್ಲಿ ಸುತ್ತಮುತ್ತ ಎಲ್ಲರೂ ಕಕ್ಕುತ್ತಿದ್ದರೂ ನೀನೊಬ್ಬಳು ಗೊರಕೆ ಹೊಡೆಯುತ್ತಿದ್ದವಳು. ಅದನ್ನು ನಿನ್ನ ವಾರ್ಡನ್‌ಗೆ ಹೇಳು, ಅಮ್ಮ ಹೇಳಿದ್ದಾಳೆ ಎಂದು ಹೇಳು.

ಹಾಲುಹಲ್ಲಿನ ವಿಷಯ. ನಿನ್ನ ಬಾಯಿ ಒರೆಸಿದವಳು ನಾನು. ಡಬ್ಬಿ ಸರಿಯಾಗಿ ಮುಚ್ಚದೆ ಬೆಳಕು ತಗುಲಿಸಿಕೊಂಡ ಹಳೇ ಫೋಟೋ ಪೇಪರ್ ಇರುತ್ತಲ್ಲ, ಆ ಬಣ್ಣ. ಮೊದಲ ಹಲ್ಲು ಬಂದ ದಿನದಿಂದ ಅದೇ ಬಣ್ಣ. ಹಲ್ಲುಗಳ ನಡುವೆ ಸಂದಿ, ಮೇಲೆಲ್ಲ ತರಿತರಿ. ನಾನು ಉಜ್ಜಿ ಉಜ್ಜಿ ನಿನ್ನ ಒಸಡಿನಲ್ಲಿ ರಕ್ತ ಬರಿಸಿದ್ದೇನೆ. ಅಕ್ಕಪಕ್ಕದವರು "ಮಗೂಗೆ ಹಲ್ಲುಜ್ಜಿಸಲ್ವಾ?" ಅಂದಾಗ ಜಗಳವಾಡಿದ್ದೇನೆ. ಜೂನ್‌ನಲ್ಲಿ ಫೋಟೋ ಆರಿಸುವಾಗಲೇ ಅಪ್ಪನಿಗೆ ಹೇಳಿದೆ, "ಅವಳ ಹಲ್ಲು ಇಷ್ಟು ಬೆಳ್ಳಗಿರಲಿಲ್ಲ ಕಣ್ರೀ" ಅಂತ. "ಫೋಟೋ ನೋಡು" ಅಂದರು.

ನಿನ್ನ ಕಾಗದ ಓದಿದ ಮೇಲೆ ಫೋಟೋ ನೋಡಲು ಹೋದೆ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಕತ್ತಲೆ ಕೋಣೆಯ ಬೀರುವಿನಿಂದ ನಿನ್ನ ನೆಗೆಟಿವ್ ಹುಡುಕಿದೆ. ನಿನಗೆ ಗೊತ್ತಲ್ಲ, ಫಿಲ್ಮಿನಲ್ಲಿ ಎಲ್ಲ ತಿರುಗುಮುರುಗು. ಬಿಳಿ ಇರುವುದು ಕಪ್ಪಾಗಿ ಕಾಣುತ್ತದೆ. ಅಲ್ಲಿ ಚೂಪು ಪೆನ್ಸಿಲಿನಿಂದ ಒಂದು ಪದರ ಬಳಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗೆ ಹೊಳೆಯುತ್ತದೆ. ದೀಪಕ್ಕೆ ಅಡ್ಡ ಹಿಡಿದು ಓರೆಯಾಗಿ ನೋಡಿದೆ. ನಿನ್ನ ಒಂದೊಂದು ಹಲ್ಲಿನ ಮೇಲೂ ಪೆನ್ಸಿಲ್ ಮಿಂಚುತ್ತಿತ್ತು. ಸಂದಿಗಳನ್ನೂ ಬಿಟ್ಟಿರಲಿಲ್ಲ. ಹತ್ತಿಗೆ ಟರ್ಪೆಂಟೈನ್ ಅದ್ದಿ ಒರೆಸಿದೆ. ಪೂರ್ತಿ ಹೋಯಿತು. ಪ್ರಿಂಟ್ ಹಾಕಿದೆ.

ಟ್ರೇಯಲ್ಲಿ ಚಿತ್ರ ಮೂಡುತ್ತಿರುವಾಗಲೇ ಅಪ್ಪ ಬಂದರು.

"ಯಾರನ್ನ ಕೇಳಿ ಅಳಿಸಿದೆ?" ಅಂದರು.

"ನೀವು ಯಾರನ್ನ ಕೇಳಿ ಬಳಿದ್ರಿ?" ಅಂದೆ.

ಅವರು ಒದ್ದೆ ಪ್ರಿಂಟನ್ನು ಕ್ಲಿಪ್ಪಿಗೆ ಸಿಕ್ಕಿಸಿ ನೋಡಿದರು. "ಇದು ಇವಳಲ್ಲ" ಅಂದರು. ನಿಜವಾಗಿಯೂ ಹಾಗೇ ಅಂದರು, ನನ್ನನ್ನು ಸುಳ್ಳುಗಾತಿ ಮಾಡುವುದಕ್ಕಲ್ಲ. ಟೋಪಿ ಅದೇ, ಕಣ್ಣು ಅದೇ. ಹಲ್ಲು ಮಾತ್ರ ಅವರು ಯಾವತ್ತೂ ನೋಡಿರದ ಹಲ್ಲು. ತಿದ್ದಿದ್ದು ನೆನಪಿದೆಯಾ ಎಂದು ಕೇಳಿದೆ. ತಿಂಗಳಿಗೆ ಎಷ್ಟು ಮುಖ ತಿದ್ದುತ್ತೇನೋ, ಕೈ ತಾನಾಗಿ ಹೋಗುತ್ತದೆ, ಯಾವುದು ಎಂದು ನೆನಪಿಟ್ಟುಕೊಳ್ಳಲಿ ಅಂದರು. ಹದಿನೈದು ವರ್ಷ ಒಟ್ಟಿಗೆ ಕೆಲಸ ಮಾಡಿದವಳು ನಾನು. ಅವರು ಸುಳ್ಳು ಹೇಳುವಾಗ ಹೇಗಿರುತ್ತಾರೆ ಎಂದು ನನಗೆ ಗೊತ್ತು. ಇದು ಹಾಗಿರಲಿಲ್ಲ.

ಆಮೇಲೆ ಉಳಿದ ಐದನ್ನೂ ಒರೆಸಲು ಅವರೇ ತೆಗೆದುಕೊಂಡು ಕೂತರು. ನನ್ನ ಕೈಗೆ ಹತ್ತಿ ಕೊಡಲಿಲ್ಲ. ನಾನು ಮನೆಗೆ ಬಂದೆ.

ಆರು ಪ್ರಿಂಟೂ ಇದರಲ್ಲಿವೆ. ಆರು ನೆಗೆಟಿವನ್ನೂ ಇಟ್ಟಿದ್ದೇನೆ, ಡಾಕ್ಟರಿಗೆ ಅನುಮಾನವಿದ್ದರೆ ಬೆಳಕಿಗೆ ಹಿಡಿದು ನೋಡಲಿ. ಕಪ್ಪುಬಿಳುಪಿನಲ್ಲಿ ಹಳದಿ ಬೂದು ಬಣ್ಣವಾಗಿ ಬಂದಿದೆ, ಆದರೆ ತರಿತರಿ, ಸಂದಿ ಎಲ್ಲ ಕಾಣುತ್ತದೆ. ವಾರ್ಡನ್ ಕೈಗೆ ಕೊಡಬೇಡ. ನೀನೇ ಡಾಕ್ಟರ ಕೈಗೆ ಕೊಡು. ಮತ್ತೆ, ಹೌದು ಅಂದಿದ್ದನ್ನು ಇಲ್ಲ ಅಂತ ಹೇಳು. ಹೇಳುವುದಕ್ಕೆ ಕಷ್ಟವಾದರೆ ಈ ಕಾಗದವನ್ನೇ ತೋರಿಸು.

ಮೆತ್ತಗಿನದ್ದು ತಿನ್ನು. ಹಸಿದುಕೊಂಡು ಇರಬೇಡ.

ಅಮ್ಮ

*

ಆಗಸ್ಟ್ ೩೧

ಸ್ಟುಡಿಯೋ ಮಾಲೀಕರಿಗೆ,

ನಿಮ್ಮ ಮಗಳು ತಂದುಕೊಟ್ಟ ಎರಡನೇ ಸಲದ ಛಾಯಾಚಿತ್ರಗಳನ್ನೂ ನೆಗೆಟಿವ್‌ಗಳನ್ನೂ ಪರಿಶೀಲಿಸಿದೆ. ಇವು ಮೊದಲೇ ನನ್ನ ಮೇಜಿಗೆ ಬಂದಿದ್ದರೆ ನಾನು ತಪ್ಪು ತೀರ್ಮಾನಕ್ಕೆ ಬರುತ್ತಿರಲಿಲ್ಲ.

ಹಾಲುಹಲ್ಲುಗಳಲ್ಲೂ ಈಗಿನ ಹಲ್ಲುಗಳಲ್ಲೂ ಒಂದೇ ದೋಷ ಕಾಣುತ್ತದೆ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಹೊರಪದರ, ಅಂದರೆ ಎನಾಮಲ್, ಸರಿಯಾಗಿ ಬೆಳೆದಿಲ್ಲ. ಇದು ಅಪರೂಪದ ಹುಟ್ಟುದೋಷ. ಉಜ್ಜದಿರುವುದರಿಂದ ಬರುವುದಲ್ಲ, ಉಜ್ಜುವುದರಿಂದ ಹೋಗುವುದೂ ಅಲ್ಲ. ಜೂನ್‌ನಲ್ಲಿ ತೆಗೆದ ಎಕ್ಸ್‌ರೇಯನ್ನು ಮತ್ತೆ ನೋಡಿದೆ. ಇನ್ನೂ ಹೊರಗೆ ಬಾರದ ಎರಡನೇ ದವಡೆ ಹಲ್ಲುಗಳ ಮೇಲೂ ಆ ಪದರ ಸರಿಯಾಗಿಲ್ಲ. ಬಾಯಿಗೇ ಬಾರದ ಹಲ್ಲಿಗೆ ಹೊಟ್ಟೆಯ ಹುಳಿ ತಗುಲಲು ಸಾಧ್ಯವಿಲ್ಲ. ಅದು ಆಗಲೂ ಅಲ್ಲೇ ಇತ್ತು. ಫೋಟೋಗಳನ್ನು ನಂಬಿ ನಾನು ಅದನ್ನು ಗಮನಿಸಲಿಲ್ಲ.

ನಿಮ್ಮ ಮಗಳು ವಾಂತಿ ಮಾಡಿಕೊಳ್ಳುತ್ತಾಳೆ ಎಂದು ನನ್ನ ಎದುರು ಒಪ್ಪಿಕೊಂಡಿದ್ದಳು. ಯಾಕೆ ಒಪ್ಪಿಕೊಂಡೆ ಎಂದು ಈಗ ಕೇಳಿದೆ. "ಒಪ್ಕೊಂಡ್ರೆ ಕ್ಯಾಪ್ ಹಾಕ್ತೀರ ಅಂದ್ಕೊಂಡೆ" ಎಂದಳು. ಆ ಟಿಪ್ಪಣಿಯನ್ನು ಹೊಡೆದುಹಾಕಿದ್ದೇನೆ. ಹಾಸ್ಟೆಲಿಗೂ ಬರೆದಿದ್ದೇನೆ.

ಹಿಂದಿನ ಹಲ್ಲುಗಳಿಗೆ ಸ್ಟೀಲ್ ಕ್ಯಾಪ್, ಮುಂದಿನವಕ್ಕೆ ಹಲ್ಲಿನ ಬಣ್ಣದ ಲೇಪವನ್ನು ಮುಂದಿನ ವಾರದಿಂದ ಶುರು ಮಾಡುತ್ತೇನೆ. ಎಡ ಹಿಂಭಾಗದ ಒಂದು ಹಲ್ಲು ಉಳಿಯುತ್ತದೆ ಎಂಬ ಭರವಸೆ ಕೊಡಲಾರೆ. ಬೆಳವಣಿಗೆ ಮುಗಿದ ಮೇಲೆ ಶಾಶ್ವತ ಕ್ಯಾಪ್ ಹಾಕಬೇಕಾಗುತ್ತದೆ.

ಇಂಥ ದೋಷ ಒಡಹುಟ್ಟಿದವರಲ್ಲೂ ಇರಬಹುದು. ನಿಮಗೆ ಇನ್ನೊಂದು ಮಗುವಿದೆ ಎಂದು ತಿಳಿಯಿತು. ಅದರ ಹಲ್ಲು ಬಂದ ಕೂಡಲೇ ನನಗೆ ತೋರಿಸಿ. ಫೋಟೋ ಬೇಡ, ಮಗುವನ್ನೇ ಕರೆತನ್ನಿ.

ದಂತವೈದ್ಯೆ, ಮಕ್ಕಳ ವಿಭಾಗ

*

ಸೆಪ್ಟೆಂಬರ್ ೨೪

ಅಪ್ಪನಿಗೆ,

ಅಮ್ಮನ ಎರಡು ಕಾಗದ ಬಂದವು. ನಿಮ್ಮದು ಜುಲೈ ಆದ ಮೇಲೆ ಬಂದಿಲ್ಲ.

ಹಿಂದಿನ ಹಲ್ಲುಗಳ ಕೆಲಸ ಮುಗಿಯಿತು. ಎಡಗಡೆಯದು ಒಂದನ್ನು ಕೀಳಬೇಕಾಯಿತು. ಜುಲೈನಲ್ಲೇ ಕ್ಯಾಪ್ ಹಾಕಿದ್ದರೆ ಉಳಿಯುತ್ತಿತ್ತೇನೋ, ಹೇಳಲಾಗುವುದಿಲ್ಲ ಎಂದು ಡಾಕ್ಟರು ಅಂದರು. ಕೇಳಿದ್ದು ನಾನೇ. ಮಿಕ್ಕವು ಈಗ ಸ್ಟೀಲು. ಮೊದಲ ದಿನ ಬಾಯಲ್ಲಿ ಚಮಚ ಮರೆತುಬಿಟ್ಟ ಹಾಗಿತ್ತು. ಈಗ ಅಭ್ಯಾಸವಾಗಿದೆ. ಮೊನ್ನೆ ಸೇಬು ತಿಂದೆ, ಹೋಳು ಮಾಡದೆ, ಪಕ್ಕದ ಹಲ್ಲಿನಿಂದ. ರೇಡಿಯೋ ನೋಡುತ್ತಾ ಕೂತಿದ್ದಳು. "ಇನ್ನು ಮೇಲೆ ನನಗಿಂತ ಚೆನ್ನಾಗಿ ನಿನ್ನ ಬಾಯೇ ಸ್ಟೇಷನ್ ಹಿಡಿಯುತ್ತೆ ಕಣೇ" ಅಂದಳು. ಮುಂದಿನವಕ್ಕೆ ಲೇಪ ಮುಂದಿನ ತಿಂಗಳು.

ಕುರ್ಚಿಯಲ್ಲಿ ಕೂರಿಸುವುದನ್ನು ವಾರ್ಡನ್ ನಿಲ್ಲಿಸಿದ್ದಾರೆ. ತಪ್ಪಾಯಿತು ಎಂದೇನೂ ಹೇಳಲಿಲ್ಲ. ಅಲ್ಲಿ ಕೂತಿದ್ದಾಗ ಅವರು ಹೆಣೆಯುತ್ತಿದ್ದದ್ದು ಒಂದು ಕುಲಾವಿ. ಅದನ್ನು ನನಗೆ ಕೊಟ್ಟು, "ನಿನ್ನ ತಂಗಿಗೆ ಕಳಿಸು" ಅಂದರು. ಪಾರ್ಸೆಲ್ ಮಾಡಿದ್ದೇನೆ.

ಮೊದಲು ಹೌದು ಅಂದು ಆಮೇಲೆ ಇಲ್ಲ ಅಂದದ್ದರಿಂದ ಕೆಲವರು ಈಗಲೂ ನನ್ನನ್ನು ನಂಬುವುದಿಲ್ಲ. ಹಾಗೇ ಇರಲಿ.

ಚಿಕ್ಕವಳಿಗೆ ಹಲ್ಲು ಬರುತ್ತಿದೆ ಎಂದು ಅಮ್ಮ ಬರೆದಿದ್ದಾಳೆ. ಹೇಗಿವೆ ಎಂದು ಬರೆಯಲಿಲ್ಲ, ನಾನೂ ಅವಳನ್ನು ಕೇಳುವುದಿಲ್ಲ. ನೀವು ನೋಡಿ. ನೀವೇ ನೋಡಿ ನೀವೇ ಬರೆಯಿರಿ.

ದೊಡ್ಡವಳು

*

ಅಕ್ಟೋಬರ್ ೭

ದೊಡ್ಡವಳಿಗೆ,

ನೀನು ಕೇಳಿದ್ದಕ್ಕೆ ಉತ್ತರ.

ಭಾನುವಾರ ಬೆಳಿಗ್ಗೆ ನೋಡಿದೆ. ಸ್ಟುಡಿಯೋ ದೀಪದಲ್ಲಿ ನೋಡಲಿಲ್ಲ. ಆ ದೀಪ ಎಲ್ಲರನ್ನೂ ಇರುವುದಕ್ಕಿಂತ ಸ್ವಲ್ಪ ಚೆನ್ನಾಗಿ ತೋರಿಸುತ್ತದೆ. ಹಿಂಬಾಗಿಲ ಮೆಟ್ಟಿಲಲ್ಲಿ ಕೂತು, ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿದೆ, ಒಮ್ಮೆ ತೆಗೆದು ನೋಡಿದೆ. ನಿಮ್ಮಮ್ಮ ಬಾಗಿಲಲ್ಲಿ ನಿಂತು "ನಾನು ಹೇಳ್ಲಾ?" ಅಂದಳು. "ಬೇಡ, ನನ್ನನ್ನ ಕೇಳಿದಾಳೆ" ಅಂದೆ.

ಕೆಳಗೆ ಮುಂದಿನ ಎರಡು ಹಲ್ಲು ಬಂದಿವೆ. ಮೇಲೆ ಒಂದು, ಅರ್ಧ ಬಂದಿದೆ. ಮೂರೂ ಹಳದಿ. ಬುಡದಲ್ಲಿ ಹೆಚ್ಚು, ತುದಿಯಲ್ಲಿ ಸ್ವಲ್ಪ ಕಡಿಮೆ. ಬೆರಳಿನಿಂದ ಸವರಿದರೆ ನುಣುಪಿಲ್ಲ, ಸಣ್ಣ ಸಣ್ಣ ಗುಳಿ ಸಿಗುತ್ತವೆ. ಕೆಳಗಿನ ಎರಡರ ನಡುವೆ ಸಂದಿ ಇದೆ. ಅಷ್ಟೇನೂ ಇಲ್ಲ ಎಂದು ಮೊದಲು ಬರೆದಿದ್ದೆ, ಆ ಹಾಳೆ ಹರಿದೆ. ಅಷ್ಟೂ ಇದೆ.

ತಣ್ಣಗಿನ ಹಾಲು ಕೊಟ್ಟರೆ ಮುಖ ತಿರುಗಿಸುತ್ತಾಳೆ. ನೀನೂ ತಿರುಗಿಸುತ್ತಿದ್ದೆ, ಹಟ ಎಂದು ಬಾಯಿ ಹಿಡಿದು ಕುಡಿಸುತ್ತಿದ್ದೆವು ಎಂದು ನಿಮ್ಮಮ್ಮ ಹೇಳಿದಳು. ಈಗ ಹಾಲನ್ನು ಉಗುರುಬೆಚ್ಚಗೆ ಮಾಡಿ ಕೊಡುತ್ತೇವೆ, ಕುಡಿಯುತ್ತಾಳೆ.

ಇಪ್ಪತ್ತನೇ ತಾರೀಖು ಮೂವರೂ ಬರುತ್ತೇವೆ. ಡಾಕ್ಟರಿಗೆ ತಿಳಿಸು. ನಿನ್ನ ಮುಂದಿನ ಹಲ್ಲಿಗೆ ಲೇಪ ಹಾಕುವುದು ಅದಕ್ಕಿಂತ ಮೊದಲಾದರೆ, ನಾನು ಬರುವವರೆಗೆ ತಡೆಯಲು ಆಗುತ್ತದೆಯೇ ಎಂದು ಕೇಳು. ಕ್ಯಾಮೆರಾ ತರುವುದಿಲ್ಲ. ಒಂದು ಸಲ ನೋಡಬೇಕು, ಅಷ್ಟೇ. ನಿನಗೆ ಬೇಡವೆಂದರೆ ಬೇಡ.

ಚಿಕ್ಕವಳನ್ನು ನೋಡುವುದಕ್ಕೆ ಬಹಳ ಹೊತ್ತು ಬೇಕಾಯಿತು. ನೋಡಿ ಮುಗಿಯುವವರೆಗೂ ಅವಳು ನನ್ನ ಮುಖ ನೋಡಿಕೊಂಡು ನಗುತ್ತಲೇ ಇದ್ದಳು. ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಇನ್ನೂ ಗೊತ್ತಿಲ್ಲ.

ಅಪ್ಪ